ಮಂಡಿ ನೋವು ಬಂತು ಅಂತ ಸೈಕಲ್ ಬಿಡ್ಬೇಕಾ? ಭಾನುವಾರದ ತಿರುಗಾಟಕ್ಕೆ ರೈಲನ್ನ ಹೇಗೆ ಸೇರಿಸ್ಕೊಳ್ಳೋದು?

ಪ್ರಶ್ನೆ: ನಾನು ಕುಮಟಾದವಳು, ವಯಸ್ಸು 47. ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟಿರಲಿಲ್ಲ. ಈ ವರ್ಷ ಮಗಳ ಒತ್ತಾಯಕ್ಕೆ ಶುರು ಮಾಡಿದೆ, ಈಗ ಮೂರು ಜನ ಗೆಳತಿಯರು, ನನ್ನ ಗಂಡ, ಮಗಳು ಎಲ್ಲ ಸೇರಿ ಭಾನುವಾರ ಬೆಳಿಗ್ಗೆ ಹೊರಡ್ತೇವೆ. ಮೊದಲು ಊರ ಪಕ್ಕದ ಹೆಡ್ ಬಂದರ್ ತನಕ ಹೋಗಿ ಬರ್ತಿದ್ವಿ ಅಷ್ಟೆ, ಕಳೆದ ತಿಂಗಳು ಒಮ್ಮೆಲೇ ಹೈವೇ ಮೇಲೆ ಗೋಕರ್ಣಕ್ಕೆ ಹೋಗಿ ಅದೇ ದಿನ ವಾಪಸ್ ಬಂದ್ವಿ. ಮಾರನೇ ದಿನದಿಂದ ಎರಡೂ ಮಂಡಿಯ ಎದುರುಗಡೆ ನೋವು, ಮೆಟ್ಟಿಲು ಇಳಿಯೋಕೆ ಆಗ್ತಿರಲಿಲ್ಲ. ಎಕ್ಸ್‌ರೇ ತೆಗೆಸಿದ್ರೆ "ಸ್ವಲ್ಪ ಸವೆತ ಉಂಟು" ಅಂದ್ರು. ಸೈಕಲ್ ಹೊಡೆದ್ರೆ ಇದ್ದ ಮಂಡಿಯೂ ಹೋಗ್ತದೆ ಅಂತ ಅಕ್ಕಪಕ್ಕದವರು, ಈ ವಯಸ್ಸಲ್ಲಿ ಹೆಂಗಸರು ಸೈಕಲ್ ಹೊಡೆದ್ರೆ ಗರ್ಭಕೋಶ ಕೆಳಗೆ ಜಾರ್ತದೆ ಅಂತ ಅತ್ತೆ. ಗಂಡ ಹೇಳ್ತಾರೆ ಸೈಕಲ್ಲನ್ನ ರೈಲಿಗೆ ಹಾಕ್ಕೊಂಡು ಹೋಗಿ ಆ ಊರಲ್ಲಿ ಮಾತ್ರ ಹೊಡೆಯೋಣ ಅಂತ, ಆದ್ರೆ ಸ್ಟೇಶನ್ನಲ್ಲಿ ಕೇಳಿದ್ರೆ ಬೋಗಿ ಒಳಗೆ ಬಿಡೋದಿಲ್ಲ ಅಂದ್ರು. ಮಾವನವರಿಗೆ 74, ಅವರಿಗೂ ಮಂಡಿ ನೋವು, ಅವರಿಗೂ ನಮ್ಮ ಜೊತೆ ಬರೋ ಆಸೆ. ನಾನು ಸೈಕಲ್ ಬಿಡ್ಬೇಕಾ? ಎಲ್ಲರೂ ಒಟ್ಟಿಗೆ ಹೋಗೋ ದಾರಿ ಏನಾದ್ರೂ ಉಂಟಾ?

ಉತ್ತರ: ಬಿಡ್ಬೇಡಿ. ಇದನ್ನ ಮೊದಲೇ ಹೇಳಿಬಿಡ್ತೇನೆ, ಯಾಕಂದ್ರೆ ನಿಮ್ಮ ಪತ್ರದಲ್ಲಿ ನಂಗೆ ಕಂಡ ದೊಡ್ಡ ಹೆದರಿಕೆ ನೋವಿನದ್ದಲ್ಲ, ಇಷ್ಟು ವರ್ಷದ ಮೇಲೆ ಸಿಕ್ಕಿದ ಭಾನುವಾರ ಕೈ ತಪ್ಪಿ ಹೋಗ್ತದೋ ಅನ್ನೋದು. ಫಿಸಿಯೋಥೆರಪಿ ಕೆಲಸದಲ್ಲಿ ನಾನು ದಿನಾ ನೋಡೋ ಮಂಡಿ ನೋವಿನವರಲ್ಲಿ ತುಂಬಾ ಜನ ಇದೇ ಹಂತದಲ್ಲಿ ನಡಿಯೋದು, ತಿರುಗೋದು ಎಲ್ಲ ನಿಲ್ಲಿಸಿ ಮನೆಲಿ ಕೂತು ತೂಕ ಏರಿಸ್ಕೊಂಡು ಎರಡು ವರ್ಷದ ನಂತರ ಬರ್ತಾರೆ, ಆವಾಗ ನಿಜವಾಗ್ಲೂ ಕಷ್ಟ ಆಗಿರ್ತದೆ. ನಿಮ್ಮದು ಹಾಗಲ್ಲ, ನಿಮ್ಮದು ಸರಿ ಮಾಡ್ಕೊಳ್ಳೋ ವಿಷಯ.

ಮೊದಲು ಆ ‘ಸವೆತ’ದ ಮಾತು. 45 ದಾಟಿದವರ ಮಂಡಿ ಎಕ್ಸ್‌ರೇಯಲ್ಲಿ ಸ್ವಲ್ಪ ಸವೆತ ಕಾಣೋದು ಬಹಳ ಸಾಮಾನ್ಯ, ನೋವೇ ಇಲ್ಲದವರಲ್ಲೂ ಕಾಣ್ತದೆ. ಚಿತ್ರದಲ್ಲಿ ಎಷ್ಟು ಸವೆತ ಉಂಟು, ಮನುಷ್ಯನಿಗೆ ಎಷ್ಟು ನೋವು ಉಂಟು, ಇವೆರಡಕ್ಕೂ ಎಷ್ಟೋ ಸಲ ತಾಳೆನೇ ಆಗೋದಿಲ್ಲ. ಇನ್ನು ಸೈಕಲ್ ಹೊಡೆದ್ರೆ ಮಂಡಿ ಸವೀತದೆ ಅನ್ನೋದು ತಪ್ಪು, ವಿಷಯ ಉಲ್ಟಾ: ಸೈಕಲ್ ಮೇಲೆ ಕೂತಾಗ ನಿಮ್ಮ ಮೈಭಾರದ ಹೆಚ್ಚಿನ ಪಾಲು ಸೀಟಿನ ಮೇಲಿರ್ತದೆ, ಹಾಗಾಗಿ ಸಮತಟ್ಟು ರಸ್ತೆಯಲ್ಲಿ ಆರಾಮಾಗಿ ಹೊಡೆಯುವಾಗ ಮಂಡಿ ಮೇಲೆ ಬೀಳೋ ಒತ್ತಡ ನಡಿಯುವಾಗಿಗಿಂತಲೂ ಕಡಿಮೆ. ಸವೆತ ಇದ್ದವರಿಗೆ ನಾವೇ ಸೈಕಲ್ ಹೊಡೀರಿ ಅಂತ ಹೇಳ್ತೇವೆ, ಆಸ್ಪತ್ರೆಗಳ ಫಿಸಿಯೋಥೆರಪಿ ರೂಮಲ್ಲಿ ನಿಂತಲ್ಲೇ ತುಳಿಯೋ ಸೈಕಲ್ ಇಟ್ಟಿರೋದು ಅದಕ್ಕೇ.

ಅತ್ತೆಯವರ ಮಾತು ನಮ್ಮ ಕಡೆ ತುಂಬಾ ಮನೆಯಲ್ಲಿ ಕೇಳ್ತದೆ, ಅದಕ್ಕೆ ಸುಮ್ಮನೆ ತಳ್ಳಿಹಾಕದೆ ಹೇಳ್ತೇನೆ. ಗರ್ಭಕೋಶ ಜಾರೋದಕ್ಕೆ ಕಾರಣ ಹೆರಿಗೆಯಲ್ಲಿ ತಳದ ಸ್ನಾಯುಗಳು ಸಡಿಲ ಆಗೋದು, ವರ್ಷಗಟ್ಟಲೆ ಮಲಬದ್ಧತೆ, ಬಿಡದ ಕೆಮ್ಮು, ಭಾರ ಎತ್ತೋದು, ಮುಟ್ಟು ನಿಂತ ಮೇಲಿನ ಬದಲಾವಣೆ, ಇಂಥವು. ಸೈಕಲ್ ಆ ಪಟ್ಟಿಯಲ್ಲಿ ಇಲ್ಲ. ಈಗಾಗ್ಲೇ ಕೆಳಗೆ ಏನೋ ಜಾರಿದ ಹಾಗೆ ಭಾರ ಅನ್ನಿಸ್ತಿದ್ರೆ ಅಥವಾ ಕೆಮ್ಮಿದಾಗ ಮೂತ್ರ ಸೋರ್ತಿದ್ರೆ ಅದನ್ನ ಹೆಂಗಸರ ಡಾಕ್ಟರಿಗೆ ತೋರಿಸಿ, ಅದು ಸೈಕಲ್ ಹೊಡೀಲಿ ಬಿಡಲಿ ತೋರಿಸ್ಬೇಕಾದ ವಿಷಯ.

ಹಾಗಾದ್ರೆ ನೋವು ಎಲ್ಲಿಂದ ಬಂತು? ಹೆಡ್ ಬಂದರಿಗೆ ಹೋಗಿ ಬರ್ತಿದ್ದವರು ಒಂದೇ ದಿನ ಗೋಕರ್ಣಕ್ಕೆ ಹೋಗಿ ಬಂದ್ರಿ. ಹೈವೇ ಹಿಡಿದು ಮಾದನಗೇರಿ ಮೇಲೆ ಹೋದ್ರೆ ಒಂದು ಕಡೆಗೇ ಮೂವತ್ತು ಕಿಲೋಮೀಟರ್, ಎರಡೂ ಕಡೆ ಸೇರಿ ಅರವತ್ತು, ನಡುವೆ ಏರು ಇಳಿಜಾರು ಬೇರೆ, ವಾಪಸ್ ಬರುವಾಗ ಬಿಸಿಲು ನೆತ್ತಿ ಮೇಲೆ. ಸ್ನಾಯು ದಣಿದ ಮೇಲೆ ಮಂಡಿಚಿಪ್ಪನ್ನ ಸರಿಯಾಗಿ ಹಿಡಿದು ಓಡಾಡಿಸೋ ಶಕ್ತಿ ಅದಕ್ಕಿರೋದಿಲ್ಲ, ಆ ಕೊನೆಯ ಹತ್ತಿಪ್ಪತ್ತು ಕಿಲೋಮೀಟರಲ್ಲಿ ಆಗಿದ್ದೇ ಮಾರನೇ ದಿನ ನೋವಾಗಿ ಬಂದದ್ದು. ಎದುರುಗಡೆ ನೋವು, ಮೆಟ್ಟಿಲು ಇಳಿಯುವಾಗ ಹೆಚ್ಚು, ಎರಡೂ ಕಾಲಿಗೆ ಒಟ್ಟಿಗೆ ಅಂದ್ರೆ ಬಹುಮಟ್ಟಿಗೆ ಇದು ಮಂಡಿಚಿಪ್ಪಿನ ಹಿಂದೆ ಬಿದ್ದ ಒತ್ತಡ.

ಇನ್ನೊಂದು ಕಾರಣ ನಾನು ನೋಡದೇನೇ ಅಂದಾಜು ಮಾಡ್ತೇನೆ, ನಿಮ್ಮ ಸೀಟು ತಗ್ಗಿರ್ಬೇಕು. ವರ್ಷಗಳ ನಂತರ ಸೈಕಲ್ ಹತ್ತಿದವರು ಎಲ್ಲರೂ ಸೀಟಿನ ಮೇಲೆ ಕೂತೇ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗ್ಬೇಕು ಅಂತ ಸೀಟು ಇಳಿಸ್ಕೊಳ್ತಾರೆ, ಬೀಳೋ ಹೆದರಿಕೆ, ಅದು ಸಹಜ. ಆದ್ರೆ ಸೀಟು ತಗ್ಗಿದ್ದಷ್ಟೂ ಪೆಡಲ್ ಮೇಲೆ ಬಂದಾಗ ಮಂಡಿ ಜಾಸ್ತಿ ಮಡಚ್ತದೆ, ಮಡಚಿದ ಮಂಡಿಯಲ್ಲಿ ಜೋರು ಹಾಕಿ ತುಳಿದಾಗ ಚಿಪ್ಪು ತೊಡೆ ಎಲುಬಿಗೆ ಒತ್ತಿ ಹಿಡೀತದೆ. ಇದನ್ನ ಹೀಗೆ ನೋಡ್ಕೊಳ್ಳಿ: ಸೈಕಲ್ಲನ್ನ ಗೋಡೆಗೆ ಒರಗಿಸಿ ದಿನಾ ಹಾಕೋ ಚಪ್ಪಲಿ ಶೂ ಏನುಂಟೋ ಅದನ್ನೇ ಹಾಕ್ಕೊಂಡು ಸೀಟ್ ಮೇಲೆ ಕೂತು ಪೆಡಲನ್ನ ಪೂರ್ತಿ ಕೆಳಗೆ ತನ್ನಿ, ಹಿಮ್ಮಡಿಯನ್ನ ಪೆಡಲ್ ಮೇಲಿಡಿ, ಆಗ ಕಾಲು ನೇರ ಆಗ್ಬೇಕು, ಸೊಂಟ ಆ ಕಡೆ ಈ ಕಡೆ ವಾಲಬಾರದು. ಆಮೇಲೆ ಪಾದದ ಮುಂಭಾಗ ಪೆಡಲ್ ಮೇಲೆ ಇಟ್ರೆ ಮಂಡಿ ತಾನಾಗೇ ಸ್ವಲ್ಪ ಬಾಗಿರ್ತದೆ, ಅದೇ ಸರಿಯಾದ ಎತ್ತರ. ಒಮ್ಮೆಲೇ ಏರಿಸ್ಬೇಡಿ, ಸಲ ಸಲ ಅರ್ಧ ಇಂಚು ಏರಿಸಿ, ಸೀಟಿನ ಕೊಳವೆ ಮೇಲೆ ಒಂದು ಗೆರೆ ಹಾಕಿರ್ತಾರೆ ಅದು ಹೊರಗೆ ಕಾಣೋ ಅಷ್ಟು ಎಳೀಬಾರದು, ಕಿತ್ತು ಬರ್ತದೆ. ಎತ್ತರ ಆದ ಮೇಲೆ ನಿಲ್ಲೋವಾಗ ಸೀಟಿಂದ ಮುಂದೆ ಇಳಿದು ಒಂದು ಕಾಲು ಊರಬೇಕು, ಅದು ಅಭ್ಯಾಸ ಆಗೋ ತನಕ ರಸ್ತೆ ಬೇಡ, ಮಣಕಿ ಮೈದಾನದಲ್ಲಿ ಎರಡು ಮೂರು ಸಂಜೆ ಮಾಡಿ, ಮಗಳು ಹಿಡ್ಕೊಳ್ತಾಳೆ. ನೋವು ಮಂಡಿ ಹಿಂದುಗಡೆ ಬರೋಕೆ ಶುರುವಾದ್ರೆ ಸೀಟು ಹೆಚ್ಚು ಏರಿತು ಅಂತ ಲೆಕ್ಕ, ಸ್ವಲ್ಪ ಇಳಿಸಿ.

ಗೇರ್ ಇರೋ ಸೈಕಲ್ ಆದ್ರೆ ಅದನ್ನ ಉಪಯೋಗಿಸಿ, ತುಂಬಾ ಹೆಂಗಸರು ಅಂಗಡಿಯವ ಇಟ್ಟು ಕೊಟ್ಟ ಗೇರಲ್ಲೇ ಜೀವಮಾನ ಕಳೀತಾರೆ. ಏರು ಬರೋ ಮೊದಲೇ ಹಗುರ ಗೇರಿಗೆ ಬನ್ನಿ. 15 ಸೆಕೆಂಡಲ್ಲಿ ಒಂದು ಮಂಡಿ 15ರಿಂದ 20 ಸಲ ಮೇಲೆ ಬರೋ ಹಾಗೆ ತುಳೀತಿದ್ರೆ ಸರಿ, ಅದಕ್ಕಿಂತ ನಿಧಾನ ಆಗಿ ಒತ್ತಿ ಒತ್ತಿ ತುಳಿಯೋ ಹಾಗಾದ್ರೆ ಮಂಡಿಗೆ ಭಾರ ಬೀಳ್ತಿದೆ ಅಂತ ಅರ್ಥ. ಗೇರ್ ಇಲ್ಲದ ಸೈಕಲ್ ಆದ್ರೆ ಏರಲ್ಲಿ ಇಳಿದು ತಳ್ಳಿ, ಅದರಲ್ಲಿ ನಾಚಿಕೆ ಪಡೋದು ಎಂತದೂ ಇಲ್ಲ. ಟೈರಿಗೆ ಗಾಳಿ ಎಷ್ಟು ಅಂತ ಟೈರಿನ ಬದಿಯಲ್ಲೇ ಬರೆದಿರ್ತದೆ, ಅರ್ಧ ಗಾಳಿಯಲ್ಲಿ ಹೋದ್ರೆ ಅದೂ ಮಂಡಿಗೇ ಬಂತು. ಬೀಚಿನ ಮರಳಲ್ಲಿ ಹೊಡೀಬೇಡಿ, ಫೋಟೋಗೆ ಚಂದ ಹೌದು, ಆದ್ರೆ ಮರಳು ಚಕ್ರ ಹಿಡಿದಷ್ಟೂ ಮಂಡಿ ಜೋರು ಹಾಕ್ಬೇಕಾಗ್ತದೆ, ಉಪ್ಪು ನೀರಿಗೆ ಚೈನೂ ತುಕ್ಕು ಹಿಡೀತದೆ.

ಈಗ ರೈಲಿನ ವಿಷಯ. ನಿಮ್ಮ ಗಂಡನ ಆಲೋಚನೆ ಒಳ್ಳೇದೇ, ಸ್ಟೇಶನ್ನಲ್ಲಿ ಹೇಳಿದ್ದೂ ಸರಿಯೇ. ಸೈಕಲ್ ಬೋಗಿ ಒಳಗೆ ಇಟ್ಟುಕೊಂಡು ಹೋಗೋ ಸಾಮಾನಲ್ಲ. ಬೋಗಿಯಲ್ಲಿ ಜೊತೆಗೆ ಇಟ್ಟುಕೊಳ್ಳೋ ಪೆಟ್ಟಿಗೆಗೆ 100 ಸೆಂಟಿಮೀಟರ್ ಉದ್ದ, 60 ಅಗಲ, 25 ದಪ್ಪ ಅಂತ ಮಿತಿ ಉಂಟು, ಸೆಕೆಂಡ್ ಕ್ಲಾಸ್ ಟಿಕೆಟಿಗೆ 35 ಕೆಜಿ ಫ್ರೀ ಇದ್ರೂ ಸೈಕಲ್ಲಿಗೆ ಆ ಫ್ರೀ ಲೆಕ್ಕ ಬರೋದಿಲ್ಲ. ಪಾರ್ಸಲ್ ಆಫೀಸಲ್ಲಿ ಬುಕ್ ಮಾಡಿ ಬ್ರೇಕ್‌ವ್ಯಾನಿಗೆ, ಅಂದ್ರೆ ರೈಲಿನ ಸಾಮಾನು ಬೋಗಿಗೆ, ಹಾಕ್ಬೇಕು. ಇದು ದೂರದ ಪ್ರಯಾಣಕ್ಕೆ, ಉದಾಹರಣೆಗೆ ರಜೆಯಲ್ಲಿ ಕಾರವಾರದಿಂದ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ವಾರ ಇರೋದಿದ್ರೆ ಅಡ್ಡಿಲ್ಲ: ಬೇಗ ಹೋಗಿ ಬುಕ್ ಮಾಡಿ, ಬಾಟಲಿ ಪಂಪು ಲೈಟು ಎಲ್ಲ ಬಿಚ್ಚಿ ಇಟ್ಟುಕೊಂಡು, ಹೆಸರು ಫೋನ್ ನಂಬರ್ ಇಳಿಯೋ ಸ್ಟೇಶನ್ ದಪ್ಪ ಅಕ್ಷರದಲ್ಲಿ ಬರೆದು ಕಟ್ಟಿ, ರಸೀದಿ ಜೋಪಾನ ಮಾಡಿ. ಜಾಗ ಇಲ್ಲ ಅಂದ್ರೆ ಸೈಕಲ್ ನಿಮ್ಮ ರೈಲಲ್ಲಿ ಬರದೆ ಆಮೇಲಿನ ರೈಲಲ್ಲಿ ಬರೋದೂ ಉಂಟು. ಆದ್ರೆ ಭಾನುವಾರ ಬೆಳಿಗ್ಗೆ ಕುಮಟಾದಿಂದ ಮುರ್ಡೇಶ್ವರಕ್ಕೆ ಅಂತ ಆರು ಸೈಕಲ್ ಬುಕ್ ಮಾಡೋದು ನಡಿಯೋ ಕೆಲಸ ಅಲ್ಲ, ನಮ್ಮ ಸಣ್ಣ ಸ್ಟೇಶನ್ಗಳಲ್ಲಿ ರೈಲು ಒಂದೆರಡು ನಿಮಿಷ ನಿಲ್ತದೆ, ಅಷ್ಟರಲ್ಲಿ ಬ್ರೇಕ್‌ವ್ಯಾನ್ ಬಾಗಿಲು ತೆಗೆದು ಇಳಿಸೋದು ಎಲ್ಲಿ ಆಗ್ತದೆ. ಮಡಚೋ ಸೈಕಲ್ ತಗೊಂಡ್ರೆ ಆಗ್ತದಲ್ಲ ಅಂತ ಕೇಳೋರಿದ್ದಾರೆ, ಇಲ್ಲಿ ಸಿಗೋ 20 ಇಂಚು ಚಕ್ರದ್ದು ಮಡಚಿದ್ರೂ ದಪ್ಪ 25 ಸೆಂಟಿಮೀಟರ್ ದಾಟ್ತದೆ, ಖಾಲಿ ರೈಲಲ್ಲಿ ಯಾರೂ ಏನೂ ಹೇಳದೆ ಇರಬಹುದು, ಆದ್ರೆ ಅದು ಹಕ್ಕಲ್ಲ, ರಶ್ ಇದ್ದಾಗ ಬೇರೆಯವರಿಗೆ ತೊಂದ್ರೆ. ಅದಕ್ಕಿಂತ ಹೆಚ್ಚಾಗಿ ಮಂಡಿ ನೋವಿರೋ ನೀವು ಹನ್ನೆರಡು ಕೆಜಿ ಸೈಕಲ್ ಕೈಯಲ್ಲಿ ಹಿಡ್ಕೊಂಡು ಓವರ್‌ಬ್ರಿಜ್ ಮೆಟ್ಟಿಲು ಹತ್ತಿ ಇಳಿಯೋದು ಸೈಕಲ್ ಹೊಡೆಯೋದಕ್ಕಿಂತ ಕೆಟ್ಟದ್ದು, ಅದನ್ನ ಮಾಡ್ಲೇಬೇಡಿ.

ನಾನು ಹೇಳೋದು ಇದನ್ನ ತಿರುಗಿಸಿ ಆಲೋಚನೆ ಮಾಡಿ ಅಂತ. ರೈಲಿಗೆ ಹೋಗ್ಬೇಕಾದದ್ದು ಸೈಕಲ್ ಅಲ್ಲ, ದಣಿದ ಮನುಷ್ಯರು. ನೋವಿಗೆ ಕಾರಣ ಆದದ್ದು ವಾಪಸ್ ದಾರಿ ಅಲ್ವಾ, ಆ ವಾಪಸ್ ದಾರಿಯನ್ನ ರೈಲಿಗೆ ಬಿಟ್ಟುಬಿಡಿ. ಕುಮಟಾದಿಂದ ಹೊನ್ನಾವರ ಸುಮಾರು ಇಪ್ಪತ್ತು ಕಿಲೋಮೀಟರ್. ಮಂಡಿ ಸುಧಾರಿಸಿದ ಮೇಲೆ ಬೆಳಕು ಹರಿಯೋ ಹೊತ್ತಿಗೆ ಹೊರಟ್ರೆ ಬಿಸಿಲು ಏರೋ ಮೊದಲು ಮುಟ್ತೀರಿ. ಮಾವನವರು, ಅತ್ತೆ, ಬುತ್ತಿ, ಬದಲಿ ಬಟ್ಟೆ ಎಲ್ಲ ರೈಲಲ್ಲಿ ಹೊನ್ನಾವರಕ್ಕೆ ಬರಲಿ, ಅಲ್ಲಿಂದ ರಿಕ್ಷಾ ಮಾಡ್ಕೊಂಡು ಶರಾವತಿ ಸೇತುವೆ ದಾಟಿ ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಾಲುದಾರಿಯಲ್ಲೋ ಬೀಚಲ್ಲೋ ಎಲ್ಲರೂ ಸೇರಿ. ಆ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದ್ರೆ ಸ್ವಚ್ಛ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಗುರುತು, ಸಿಕ್ಕಿದ್ದು, ಕೂರೋಕೆ, ಕಾಲು ತೊಳ್ಕೊಳ್ಳೋಕೆ, ಶೌಚಾಲಯಕ್ಕೆ ವ್ಯವಸ್ಥೆ ಉಂಟು, ವಯಸ್ಸಾದವರನ್ನ ಕರ್ಕೊಂಡು ಹೋದಾಗ ಇದೇ ಮುಖ್ಯ. ವಾಪಸ್ ಬರುವಾಗ ಆರೂ ಸೈಕಲ್ ಒಂದು ಗೂಡ್ಸ್ ರಿಕ್ಷಾಕ್ಕೆ ಹಾಕಿ ಕಳಿಸಿ, ಗೋಣಿ ಚೀಲ ನಡುವೆ ಇಟ್ಟು ಹಗ್ಗ ಬಿಗಿದ್ರೆ ಗೀರು ಬೀಳೋದಿಲ್ಲ, ಬಾಡಿಗೆ ಹಂಚ್ಕೊಂಡ್ರೆ ಯಾರಿಗೂ ಭಾರ ಆಗೋದಿಲ್ಲ. ಒಬ್ಬರು ಗಾಡಿ ಜೊತೆ ಹೋಗಿ, ಉಳಿದವರು ಕಿಟಕಿ ಪಕ್ಕ ಕೂತು ರೈಲಲ್ಲಿ ಬನ್ನಿ. ಬೆನ್ನು ಆನಿಸಿ ಕಾಲು ಚಾಚಿ ಕೂರೋದೇ ದಣಿದ ಮಂಡಿಗೆ ಔಷಧ. ಇದರಲ್ಲಿ ಅಪಾಯ ಅಂದ್ರೆ ಹೈವೇ, ಲಾರಿ ಟ್ಯಾಂಕರ್ ಓಡೋ ರಸ್ತೆ ಅದು, ಮಗಳನ್ನ ನಡುವೆ ಹಾಕ್ಕೊಂಡು ಒಬ್ಬರ ಹಿಂದೆ ಒಬ್ಬರು ಎಡಕ್ಕೇ ಹೋಗಿ, ಮಾತಾಡ್ತಾ ಜೋಡಿ ಹೋಗೋದು ಅಲ್ಲಿ ಬೇಡ, ಹೆಲ್ಮೆಟ್ ಬೇಕೇ ಬೇಕು, ಹಿಂದೆ ಕೆಂಪು ಲೈಟ್ ಹಗಲೂ ಉರೀತಿರಲಿ. ಹೈವೇ ಹೆದರಿಕೆ ಅಂದ್ರೆ ಹೊನ್ನಾವರ ಬಿಟ್ಟೇಬಿಡಿ, ಅದಕ್ಕಿಂತ ಒಳ್ಳೆ ದಾರಿ ಉಂಟು.

ಅದು ಅಘನಾಶಿನಿ. ಕುಮಟಾದಿಂದ ಬಾಡ, ಕಾಗಾಲ ಕಡೆ ಹಿಡಿದು ಅಘನಾಶಿನಿ ಊರಿಗೆ ಸುಮಾರು ಹತ್ತು ಕಿಲೋಮೀಟರ್, ಅಲ್ಲಲ್ಲಿ ಏರು ಉಂಟು ಆದ್ರೆ ಲಾರಿ ಕಾಟ ಇಲ್ಲ, ಅಲ್ಲಿಂದ ಹೊಳೆ ದಾಟಿಸೋ ದೋಣಿ ತದಡಿಗೆ, ಬೈಕನ್ನೇ ಹಾಕ್ಕೊಂಡು ಹೋಗ್ತಾರೆ ಸೈಕಲ್ ಎಷ್ಟರದ್ದು. ಮಳೆಗಾಲದಲ್ಲಿ ನೀರು ಗಾಳಿ ನೋಡಿ ದೋಣಿ ಬಿಡ್ತಾರೆ, ಮೊದಲೇ ವಿಚಾರಿಸಿ. ತದಡಿಯಿಂದ ಗೋಕರ್ಣ ಹತ್ತು ಕಿಲೋಮೀಟರ್ ಒಳಗೇ. ಅಂದ್ರೆ ಹೈವೇಲಿ ಮೂವತ್ತು ತುಳಿದ ಜಾಗಕ್ಕೆ ಇಪ್ಪತ್ತರೊಳಗೆ ಮುಟ್ತೀರಿ, ನಡುವೆ ದೋಣಿಯಲ್ಲಿ ಕಾಲಿಗೆ ಒಂದು ವಿಶ್ರಾಂತಿ. ಮಾವನವರು ಗೋಕರ್ಣ ರೋಡ್ ಸ್ಟೇಶನ್ನಲ್ಲಿ ಇಳಿದು ರಿಕ್ಷಾದಲ್ಲಿ ಬರಲಿ, ಸ್ಟೇಶನ್ ಊರಿಂದ ಸುಮಾರು ಹತ್ತು ಕಿಲೋಮೀಟರ್ ದೂರ ಉಂಟು ಅನ್ನೋದು ನೆನಪಿಡಿ, ಹೊರಗಿನವರು ಎಲ್ಲ ಅಲ್ಲೇ ಎಡವೋದು. ನಿಮ್ಮ ಗುಂಪಿಗೆ ನಾನು ಆರಿಸೋದಾದ್ರೆ ಇದನ್ನೇ ಆರಿಸ್ತೇನೆ.

ಇನ್ನೂ ಸಣ್ಣದು ಬೇಕಂದ್ರೆ ಮಿರ್ಜಾನ್ ಕೋಟೆ, ಕುಮಟಾದಿಂದ ಹನ್ನೊಂದು ಕಿಲೋಮೀಟರ್, ಹೈವೇಯಿಂದ ಅರ್ಧ ಕಿಲೋಮೀಟರ್ ಒಳಗೆ. ಮಂಡಿ ನೋವು ಕಡಿಮೆಯಾದ ಮೇಲಿನ ಮೊದಲ ತಿರುಗಾಟಕ್ಕೆ ಅಷ್ಟೇ ಸಾಕು. ಮುರ್ಡೇಶ್ವರಕ್ಕಾದ್ರೆ ಸೈಕಲ್ಲೇ ಬೇಡ, ಎಲ್ಲರೂ ರೈಲಲ್ಲಿ ಹೋಗಿ ಸ್ಟೇಶನ್ನಿಂದ ರಿಕ್ಷಾ ಮಾಡಿ, ಗೋಪುರಕ್ಕೆ ಲಿಫ್ಟ್ ಇರೋದ್ರಿಂದ ಮಾವನವರೂ ಮೇಲೆ ಹೋಗಿ ಸಮುದ್ರ ನೋಡಬಹುದು. ಒಂದು ಮಾತು, ನಮ್ಮ ಕೊಂಕಣ ರೈಲಿಗೆ ಮಳೆಗಾಲದ ಟೈಮ್‌ಟೇಬಲ್ಲೇ ಬೇರೆ, ಜೂನಿಂದ ಅಕ್ಟೋಬರ್ ತನಕ ಸ್ಪೀಡ್ ಕಡಿಮೆ ಮಾಡಿ ಓಡಿಸ್ತಾರೆ, ಸಣ್ಣ ಸ್ಟೇಶನ್ಗಳಲ್ಲಿ ಎಲ್ಲ ರೈಲೂ ನಿಲ್ಲೋದಿಲ್ಲ, ವಾಪಸ್ ರೈಲು ಯಾವುದು ಅಂತ ನೋಡ್ಕೊಂಡೇ ಬೆಳಿಗ್ಗೆ ಹೊರಡಿ. ರೈಲು ತಪ್ತದೆ ಅಂತ ಕೊನೆಯಲ್ಲಿ ಜೋರಾಗಿ ತುಳಿದು ಮಂಡಿ ಕೆಡಿಸ್ಕೊಂಡವರನ್ನ ನಾನು ನೋಡಿದ್ದೇನೆ.

ಮಾವನವರಿಗೆ ನಿಜವಾದ ಕಷ್ಟ ಇರೋದು ರೈಲಿನ ಪ್ರಯಾಣದಲ್ಲಲ್ಲ, ಹತ್ತಿ ಇಳಿಯೋದ್ರಲ್ಲಿ. ಪ್ಲಾಟ್‌ಫಾರ್ಮ್ ತಗ್ಗಿರೋ ಕಡೆ ಬೋಗಿ ಮೆಟ್ಟಿಲು ಎತ್ತರ ಆಗ್ತದೆ. ಅವರಿಗೆ ಇದನ್ನ ಕಲಿಸಿ: ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿರೋ ಕಾಲು ಮೊದಲು, ಎರಡೂ ಸಲ ಕೈ ಕಂಬಿ ಬಿಡಬಾರದು. ಎರಡೂ ಮಂಡಿ ನೋವಿದ್ರೆ ಹೆಚ್ಚು ಗಟ್ಟಿ ಇರೋದನ್ನ ಒಳ್ಳೆ ಕಾಲು ಅಂತ ಲೆಕ್ಕ ಹಿಡಿರಿ. ಮನೆ ಮೆಟ್ಟಿಲಲ್ಲೇ ನಾಲ್ಕು ದಿನ ಅಭ್ಯಾಸ ಮಾಡ್ಲಿ, ಓವರ್‌ಬ್ರಿಜ್‌ಗೂ ಇದೇ ನಿಯಮ. ಸ್ಟೇಶನ್ ಬರೋ ಹತ್ತು ನಿಮಿಷ ಮೊದಲು ಕೂತಲ್ಲೇ ಮಂಡಿ ಮಡಚಿ ಚಾಚಿ ಮಾಡಿ ಎದ್ದು ನಿಲ್ಲಲಿ, ಕೂತು ಬಿಗಿದ ಮಂಡಿಯಲ್ಲಿ ಅವಸರದಿಂದ ಇಳೀಬಾರದು. ಕೋಲು ಹಿಡಿಯೋಕೆ ಮರ್ಯಾದೆ ಅಡ್ಡ ಬರ್ತಿದ್ರೆ ಗಟ್ಟಿ ಕೊಡೆ ಕೊಡಿ, ಕೆಳಗೆ ರಬ್ಬರ್ ಬುಶ್ ಹಾಕ್ಸಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತಿದ್ರೆ ತಿಂಡಿ ತಪ್ಪಿಸಿ ಹೊರಡೋದು ಬೇಡ. ಇದು ಸೈಕಲ್ ಹೊಡೆಯೋ ನಿಮ್ಮ ಗುಂಪಿನವರಿಗೂ ಅನ್ವಯ, ಕಿಸೆಯಲ್ಲಿ ಬೆಲ್ಲದ ಚೂರೋ ಚಾಕಲೇಟೋ ಇರಲಿ. ನಮ್ಮ ಕರಾವಳಿ ಸೆಖೆಯಲ್ಲಿ ಬೆವರು ಸುರೀತದೆ ಆದ್ರೆ ಆರೋದಿಲ್ಲ, ಮೈ ತಂಪಾಗೋದಿಲ್ಲ, ಹಾಗಾಗಿ ಬಾಯಾರಿಕೆಗೆ ಕಾಯದೆ ಆಗಾಗ ಉಪ್ಪು ಹಾಕಿದ ಮಜ್ಜಿಗೆ, ಮುರುಗಲು ಪಾನಕ, ಬೊಂಡದ ನೀರು ಕುಡೀರಿ. ತಲೆ ಸುತ್ತು, ವಾಂತಿ ಬಂದ ಹಾಗೆ ಆದ್ರೆ ನೆರಳಲ್ಲಿ ಕೂತು ಮೈ ಒದ್ದೆ ಮಾಡ್ಕೊಳ್ಳಿ, ಎದೆ ಬಿಗಿದ್ರೆ ಅಲ್ಲಿಗೇ ನಿಲ್ಲಿಸಿ ಸೀದಾ ಆಸ್ಪತ್ರೆ.

ಇನ್ನು ನಿಮ್ಮ ಮಂಡಿಗೆ ಈಗ ಏನು ಮಾಡೋದು. ಎರಡು ವಾರ ಸೈಕಲ್ ಪೂರ್ತಿ ನಿಲ್ಲಿಸೋದು ಬೇಡ, ಸೀಟು ಸರಿ ಮಾಡಿ ಸಮತಟ್ಟಿನಲ್ಲಿ ಹತ್ತು ಹದಿನೈದು ನಿಮಿಷ ಹಗುರವಾಗಿ ಹೊಡೀರಿ. ಜೊತೆಗೆ ಎರಡು ವ್ಯಾಯಾಮ: ಮಲಗಿ ಒಂದು ಕಾಲು ಮಡಚಿ ಇನ್ನೊಂದನ್ನ ನೇರ ಇಟ್ಟು ಒಂದು ಅಡಿ ಎತ್ತಿ ಐದು ಎಣಿಸಿ ಇಳಿಸೋದು, ಕಾಲಿಗೆ ಹತ್ತು ಸಲ. ಆಮೇಲೆ ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಅದೂ ಹತ್ತು ಸಲ, ನೋವಾದ್ರೆ ಕುರ್ಚಿ ಮೇಲೆ ದಿಂಬು ಹಾಕಿ ಇನ್ನೂ ಎತ್ತರ ಮಾಡ್ಕೊಳ್ಳಿ. ಎಣ್ಣೆ ತಿಕ್ಕೋದು, ಬಿಸಿ ನೀರಿನ ಶಾಖ ಹಿತ ಕೊಡ್ತದೆ, ಮಾಡಿ, ಆದ್ರೆ ಸ್ನಾಯು ಗಟ್ಟಿ ಮಾಡೋದು ವ್ಯಾಯಾಮ ಮಾತ್ರ. ನೋವನ್ನ ಹತ್ತರಲ್ಲಿ ಅಳೆದ್ರೆ ಮೂರರೊಳಗೆ ಇದ್ದು ಮಾರನೇ ಬೆಳಿಗ್ಗೆ ಹೊತ್ತಿಗೆ ಮೊದಲಿನ ಹಾಗೇ ಆದ್ರೆ ನೀವು ಹೊಡೆದದ್ದು ಸರಿಯಾದ ಅಳತೆ, ಮಾರನೇ ದಿನ ಹೆಚ್ಚಾದ್ರೆ ಮುಂದಿನ ಸಲ ಅರ್ಧ ಮಾಡಿ. ದೂರವನ್ನ ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಿ, ಹೆಡ್ ಬಂದರ್, ಆಮೇಲೆ ಬಾಡ, ಆಮೇಲೆ ಅಘನಾಶಿನಿ, ಆಮೇಲೆ ದೋಣಿ ದಾಟೋದು.

ಮಂಡಿ ಊದಿ ಬಿಸಿಯಾದ್ರೆ, ನಡುವೆ ಲಾಕ್ ಆಗಿ ಮಡಚೋಕೆ ಬರದೆ ಇದ್ರೆ, ನಡಿಯುವಾಗ ಕುಸಿದು ಹೋದ್ರೆ, ರಾತ್ರಿ ನೋವಿಗೆ ಎಚ್ಚರ ಆದ್ರೆ ಕಾಯಬೇಡಿ, ಮೂಳೆ ಡಾಕ್ಟರನ್ನ ಕಾಣಿ, ಮೀನಖಂಡ ಒಂದೇ ಕಡೆ ಊದಿದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದ್ಯಾವುದೂ ಇಲ್ಲದೆ ನೋವು ಮಾತ್ರ ನಾಲ್ಕೈದು ವಾರ ಹಾಗೇ ಉಳಿದ್ರೆ ನಿಮ್ಮ ಹತ್ತಿರದ ಯಾವುದೇ ಫಿಸಿಯೋಥೆರಪಿಸ್ಟ್ ಹತ್ರ ಹೋಗಿ, ಹೋಗುವಾಗ ಎಕ್ಸ್‌ರೇ ಮರೆತ್ರೂ ಅಡ್ಡಿಲ್ಲ, ಸೈಕಲ್ ತಗೊಂಡು ಹೋಗಿ. ಅದರ ಮೇಲೆ ನೀವು ಕೂತು ತುಳಿಯೋದನ್ನ ನೋಡಿದ್ರೆ ಅವರಿಗೆ ಅರ್ಧ ಉತ್ತರ ಸಿಗ್ತದೆ.